ಆದೇಶ ಮನೆ ಮುಟ್ಟಲಿ: ಕೌಟುಂಬಿಕ ವ್ಯಾಜ್ಯಗಳಲ್ಲಿ ಅಮಲ್ಜಾರಿ ಮತ್ತು ನ್ಯಾಯಾಂಗ ನಿಂದನೆ



ಕಾನೂನಿನ ತಿಳಿವಳಿಕೆ ನ್ಯಾಯಾಲಯದ ಆವರಣ ದಾಟಿ ಜನರ ಬಳಿಗೆ ಹೋಗಬೇಕು ಎಂಬ ಉದ್ದೇಶದಿಂದ ಇಂಥ ದತ್ತಿ ಉಪನ್ಯಾಸಗಳು ಹುಟ್ಟುತ್ತವೆ. ಆ ಉದ್ದೇಶಕ್ಕೆ ಹೊಂದುವ ವಿಷಯವೆಂದು ನಾನು ಇಂದು ಆರಿಸಿಕೊಂಡಿರುವುದು ಕೌಟುಂಬಿಕ ವ್ಯಾಜ್ಯಗಳಲ್ಲಿ ಹೊರಬೀಳುವ ಆದೇಶಗಳ ಪಾಲನೆಯನ್ನು. ಜೀವನಾಂಶ ಕೊಡು ಎಂದು ನ್ಯಾಯಾಲಯ ಹೇಳುತ್ತದೆ, ಕೊಡುವುದಿಲ್ಲ. ತಿಂಗಳಿಗೆ ಎರಡು ಭಾನುವಾರ ಮಗುವನ್ನು ತಂದೆಗೆ ತೋರಿಸು ಎಂದು ಹೇಳುತ್ತದೆ, ತೋರಿಸುವುದಿಲ್ಲ. ಹೆಂಡತಿಯನ್ನು ಮನೆಯಿಂದ ಹೊರಹಾಕಬೇಡ ಎಂದು ಹೇಳುತ್ತದೆ, ಬಾಗಿಲಿಗೆ ಬೀಗ ಬೀಳುತ್ತದೆ. ಆಮೇಲೇನು?

1. ಎರಡು ಬೇರೆ ಪ್ರಶ್ನೆಗಳು

ಭಾರತದಲ್ಲಿ ಕಕ್ಷಿದಾರನ ನಿಜವಾದ ಕಷ್ಟ ಡಿಕ್ರಿ ಸಿಕ್ಕ ಮೇಲೆ ಆರಂಭವಾಗುತ್ತದೆ ಎಂಬರ್ಥದ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. ಅದು ಜಮೀನು ಮತ್ತು ಹಣದ ವ್ಯಾಜ್ಯವನ್ನು ಕುರಿತು ಆಡಿದ ಮಾತು. ಕೌಟುಂಬಿಕ ವ್ಯಾಜ್ಯದಲ್ಲಿ ಈ ಕಷ್ಟ ಇನ್ನೂ ತೀವ್ರ. ಸಾಲ ವಸೂಲಿಗೆ ಬಂದ ಬ್ಯಾಂಕು ಐದು ವರ್ಷ ಕಾಯಬಲ್ಲದು. ಮಗುವಿನ ಶಾಲೆಯ ಶುಲ್ಕಕ್ಕೂ ಅಂಗಡಿಯ ಬಾಕಿಗೂ ತಿಂಗಳ ಹಣವನ್ನೇ ನಂಬಿಕೊಂಡ ತಾಯಿ ಕಾಯಲಾರಳು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ನಮ್ಮ ಗಾದೆ ಇಲ್ಲಿ ದಿನನಿತ್ಯದ ಅನುಭವ.

ಆದೇಶ ಪಾಲನೆಯಾಗದಿದ್ದಾಗ ಕಕ್ಷಿದಾರರು ವಕೀಲರ ಬಳಿ ಮೊದಲು ಕೇಳುವುದು ಒಂದೇ: “ಕಂಟೆಂಪ್ಟ್ ಹಾಕಿ ಸಾರ್.” ಆ ಕೋಪ ನ್ಯಾಯವಾದದ್ದೇ. ಆದರೆ ಅದರೊಳಗೆ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಆದೇಶದಂತೆ ಸಿಗಬೇಕಾದದ್ದನ್ನು ಪಡೆಯುವುದು ಹೇಗೆ ಎಂಬುದು ಮೊದಲನೆಯದು. ಆದೇಶ ಮೀರಿದವನನ್ನು ದಂಡಿಸುವುದು ಹೇಗೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಅಮಲ್ಜಾರಿ, ಎರಡನೆಯದಕ್ಕೆ ನ್ಯಾಯಾಂಗ ನಿಂದನೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಕೌಟುಂಬಿಕ ನ್ಯಾಯದಲ್ಲಿ ಆದೇಶದ ಗೌರವ ಉಳಿಯುವುದು ಅಮಲ್ಜಾರಿಯಿಂದ. ನಿಂದನೆಯ ಅಧಿಕಾರ ದೊಡ್ಡದು, ಅಗತ್ಯವೂ ಹೌದು. ಆದರೆ ಅದನ್ನು ಮೊದಲ ಅಸ್ತ್ರವೆಂದು ನಂಬಿದವರು ಕಾಲವನ್ನೂ ಹಣವನ್ನೂ ಕಳೆದುಕೊಳ್ಳುತ್ತಾರೆ. ಆದೇಶವನ್ನು ಬರೆಯುವಾಗಲೇ ಅಮಲ್ಜಾರಿಯನ್ನು ಕಣ್ಣ ಮುಂದೆ ಇಟ್ಟುಕೊಂಡರೆ ಅರ್ಧ ಯುದ್ಧ ಗೆದ್ದಂತೆ.

2. ನಿಂದನೆಯ ಅಧಿಕಾರ ಎಲ್ಲಿದೆ, ಎಷ್ಟಿದೆ

ತನ್ನ ನಿಂದನೆಗಾಗಿ ದಂಡಿಸುವ ಅಧಿಕಾರವನ್ನು ಸಂವಿಧಾನದ 129ನೇ ವಿಧಿ ಸುಪ್ರೀಂ ಕೋರ್ಟಿಗೂ 215ನೇ ವಿಧಿ ಹೈಕೋರ್ಟಿಗೂ ಕೊಟ್ಟಿವೆ. ಅದರ ವಿವರ 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿದೆ. ನ್ಯಾಯಾಲಯದ ತೀರ್ಪು, ಡಿಕ್ರಿ, ಆದೇಶಗಳನ್ನು ಬೇಕೆಂದೇ ಮೀರುವುದು ಅಥವಾ ನ್ಯಾಯಾಲಯಕ್ಕೆ ಬರೆದುಕೊಟ್ಟ ಮುಚ್ಚಳಿಕೆಯನ್ನು ಬೇಕೆಂದೇ ಮುರಿಯುವುದು ಸಿವಿಲ್ ನಿಂದನೆ. “ಬೇಕೆಂದೇ” ಎಂಬುದೇ ಈ ವ್ಯಾಖ್ಯೆಯ ಜೀವಾಳ. ಕೈಲಾಗದೆ ತಪ್ಪಿದವನು ನಿಂದಕನಲ್ಲ. ಶಿಕ್ಷೆ ಗರಿಷ್ಠ 6 ತಿಂಗಳ ಸಾದಾ ಸಜೆ, 2,000 ರೂಪಾಯಿ ದಂಡ, ಅಥವಾ ಎರಡೂ. ನ್ಯಾಯಾಲಯಕ್ಕೆ ಒಪ್ಪಿಗೆಯಾಗುವ ಕ್ಷಮಾಪಣೆ ಕೇಳಿದರೆ ಶಿಕ್ಷೆ ರದ್ದಾಗಬಹುದು. ಸಿವಿಲ್ ನಿಂದನೆಗೆ ದಂಡವೇ ಸಾಮಾನ್ಯ ನಿಯಮ, ಅದು ಸಾಲದು ಎನಿಸಿದಾಗ ಮಾತ್ರ ಸಿವಿಲ್ ಬಂಧನ. ಉಲ್ಲಂಘನೆಯಾದ ಒಂದು ವರ್ಷದೊಳಗೆ ಕ್ರಮ ಆರಂಭವಾಗಬೇಕು.

ಹಾಸನದ ಕೌಟುಂಬಿಕ ನ್ಯಾಯಾಲಯದ ಅಥವಾ ತಾಲ್ಲೂಕಿನ ಜೆಎಂಎಫ್‌ಸಿ ನ್ಯಾಯಾಲಯದ ಆದೇಶ ಮುರಿದವನನ್ನು ಈ ಕಾಯ್ದೆಯಡಿ ಶಿಕ್ಷಿಸುವುದು ಅಧೀನ ನ್ಯಾಯಾಲಯಗಳಲ್ಲ. 10ನೇ ಕಲಮಿನ ಪ್ರಕಾರ ಆ ಕೆಲಸ ಹೈಕೋರ್ಟಿನದು. ಅರಕಲಗೂಡಿನ ಹೆಣ್ಣುಮಗಳು ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕು, ಅಲ್ಲೊಬ್ಬ ವಕೀಲರನ್ನು ಇಡಬೇಕು, ವಾಯಿದೆಯಿಂದ ವಾಯಿದೆಗೆ ಓಡಾಡಬೇಕು. ಕೊನೆಗೆ ಎದುರಾಳಿಗೆ 2,000 ರೂಪಾಯಿ ದಂಡವಾದರೆ ಅದು ಸರ್ಕಾರಕ್ಕೆ ಸೇರುತ್ತದೆ; ಆಕೆಯ ಮನೆಯ ಅಕ್ಕಿ ಡಬ್ಬ ತುಂಬುವುದಿಲ್ಲ.

ಅಮಲ್ಜಾರಿಗೆ ದಾರಿ ಇರುವಾಗ ಅದಕ್ಕೆ ಬದಲಾಗಿ ನಿಂದನೆಯನ್ನು ಬಳಸಬಾರದು ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಇದರ ಹಿಂದಿನ ತತ್ವ ಸರಳ. ನಿಂದನೆಯ ವಿಚಾರಣೆ ನಡೆಯುವುದು ನ್ಯಾಯಾಲಯ ಮತ್ತು ಉಲ್ಲಂಘಿಸಿದವನ ನಡುವೆ. ಅಲ್ಲಿ ರಕ್ಷಣೆ ಪಡೆಯುವುದು ನ್ಯಾಯಾಲಯದ ಅಧಿಕಾರ. ಅಮಲ್ಜಾರಿ ನಡೆಯುವುದು ಹಕ್ಕುಳ್ಳವಳು ಮತ್ತು ಹೊಣೆಯುಳ್ಳವನ ನಡುವೆ. ಅಲ್ಲಿ ರಕ್ಷಣೆ ಪಡೆಯುವುದು ಆಕೆಯ ಬದುಕು.

3. ಒತ್ತಾಯಿಸಬಹುದಾದದ್ದು, ಒತ್ತಾಯಿಸಲಾಗದ್ದು

ಎಲ್ಲ ಆದೇಶಗಳಿಗೂ ಒಂದೇ ಬಗೆಯ ಬಲ ಹೊಂದುವುದಿಲ್ಲ. ಇದನ್ನು ನಮ್ಮ ಕಾನೂನು ಕಹಿ ಅನುಭವದಿಂದ ಕಲಿಯಿತು. ಬಾಲ್ಯದಲ್ಲಿ ಮದುವೆಯಾಗಿದ್ದ ಮುಂಬಯಿಯ ರಖ್ಮಾಬಾಯಿ ಗಂಡನ ಮನೆಗೆ ಹೋಗಲು ಒಪ್ಪಲಿಲ್ಲ. 1884ರಲ್ಲಿ ಗಂಡ ದಾವೆ ಹೂಡಿದ. ಗಂಡನೊಡನೆ ಬಾಳು, ಇಲ್ಲವೇ 6 ತಿಂಗಳ ಸೆರೆವಾಸ ಅನುಭವಿಸು ಎಂದು 1887ರಲ್ಲಿ ಆದೇಶವಾಯಿತು. ಸೆರೆಮನೆಯನ್ನೇ ಆರಿಸಿಕೊಳ್ಳುತ್ತೇನೆ ಎಂದಳು ಆಕೆ. ಮರುವರ್ಷ ಹಣದ ರಾಜಿಯಲ್ಲಿ ವ್ಯಾಜ್ಯ ಮುಗಿಯಿತು. ಮುಂದೆ ಆಕೆ ವೈದ್ಯೆಯಾದಳು. ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆಯ ಡಿಕ್ರಿ ಮೀರಿದವರನ್ನು ಸೆರೆಗೆ ಹಾಕುವ ಅವಕಾಶವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯಿಂದ ತೆಗೆದುಹಾಕಿದ್ದು 1923ರ ತಿದ್ದುಪಡಿ. ಇಂದು ಆ ಡಿಕ್ರಿಗೆ ಉಳಿದಿರುವ ಬಲ ಆ ಸಂಹಿತೆಯ 21ನೇ ಆದೇಶದ 32 ಮತ್ತು 33ನೇ ನಿಯಮಗಳಡಿ ಆಸ್ತಿಯ ಜಪ್ತಿ ಮತ್ತು ನಿಯತಕಾಲಿಕ ಪಾವತಿ ಮಾತ್ರ. ಒಂದು ವರ್ಷ ಒಂದಾಗದಿದ್ದರೆ ಹಿಂದೂ ವಿವಾಹ ಕಾಯ್ದೆಯ 13(1ಎ) ಉಪಕಲಮಿನಡಿ ಇಬ್ಬರಲ್ಲಿ ಯಾರಾದರೂ ವಿಚ್ಛೇದನ ಕೇಳಬಹುದು.

ಇಂಥ ಡಿಕ್ರಿಗೆ ಅವಕಾಶ ಕೊಡುವ ಆ ಕಾಯ್ದೆಯ 9ನೇ ಕಲಮು ಸಂವಿಧಾನಬಾಹಿರವೆಂದು ಆಂಧ್ರಪ್ರದೇಶ ಹೈಕೋರ್ಟ್ 1983ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ 1984ರಲ್ಲಿ ಆ ಕಲಮನ್ನು ಉಳಿಸಿತು. ನಮ್ಮ ತಾಲ್ಲೂಕುಗಳಲ್ಲಿ ಈ ಕಲಮಿನ ಅರ್ಜಿ ಬಹಳ ಸಲ ಬರುವುದು ಜೀವನಾಂಶದ ಅರ್ಜಿಗೆ ಎದುರುತ್ತರವಾಗಿ. “ನಾನು ಕರೆದಿದ್ದೇನೆ, ಅವಳು ಬರುತ್ತಿಲ್ಲ, ಹಾಗಾಗಿ ಹಣ ಕೊಡಬೇಕಿಲ್ಲ” ಎಂಬುದು ಆ ವಾದದ ಸಾರ. ಗಂಡನ ಕೈಯಲ್ಲಿ ಅಂಥ ಡಿಕ್ರಿ ಇದೆ, ಹೆಂಡತಿ ಅದನ್ನು ಪಾಲಿಸಿಲ್ಲ ಎಂಬ ಒಂದೇ ಕಾರಣಕ್ಕೆ ಜೀವನಾಂಶ ತಪ್ಪುವುದಿಲ್ಲ. ಆಕೆ ಹೋಗದಿರಲು ಸಾಕಷ್ಟು ಕಾರಣವಿತ್ತೇ ಎಂದು ನೋಡಬೇಕು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಇದರಿಂದ ಒಂದು ಸೂತ್ರ ಹೊರಡುತ್ತದೆ. ಕೂಡಿ ಬಾಳುವುದನ್ನು ನ್ಯಾಯಾಲಯ ಒತ್ತಾಯದಿಂದ ಮಾಡಿಸಲಾರದು. ಹಣ, ರಕ್ಷಣೆ, ವಾಸದ ಹಕ್ಕುಗಳನ್ನು ಖಂಡಿತ ಕೊಡಿಸಬಲ್ಲದು, ಕೊಡಿಸಲೇಬೇಕು. ಮಗುವಿನ ಭೇಟಿ ಇವೆರಡರ ನಡುವೆ ನಿಲ್ಲುತ್ತದೆ.

4. ಜೀವನಾಂಶ: ವಾರಂಟಿನ ದಾರಿ

ಹೆಂಡತಿ, ಮಕ್ಕಳು, ತಂದೆತಾಯಿಯರ ಜೀವನಾಂಶಕ್ಕೆ ಧರ್ಮಭೇದವಿಲ್ಲದೆ ಒದಗುವ ಕಾನೂನು ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಈ ದಾರಿ ತೆರೆದಿದೆ ಎಂದು ಅದೇ ತಿಂಗಳ 10ರಂದು ಸುಪ್ರೀಂ ಕೋರ್ಟ್ ಹೇಳಿತು. 500 ರೂಪಾಯಿಯ ಹಳೆಯ ಮಿತಿಯನ್ನು 2001ರ ತಿದ್ದುಪಡಿ ತೆಗೆದುಹಾಕಿತು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನಗಳಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಮುಗಿಸಬೇಕೆಂದೂ ಆ ತಿದ್ದುಪಡಿ ಸೇರಿಸಿತು.

ಹಣ ಬಾರದಿದ್ದರೆ ದಂಡ ವಸೂಲಿಯ ರೀತಿಯಲ್ಲೇ ವಾರಂಟ್ ಹೊರಡುತ್ತದೆ. ನಮ್ಮ ಕಚೇರಿಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಫೈನ್ ಲೆವಿ ವಾರಂಟ್, ಅಂದರೆ ಎಫ್‌ಎಲ್‌ಡಬ್ಲ್ಯೂ ಇದೇ. ಚರಾಸ್ತಿಯನ್ನು ಜಪ್ತಿ ಮಾಡಿ ಮಾರಬಹುದು. ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಜಿಲ್ಲಾಧಿಕಾರಿಗೂ ವಾರಂಟ್ ಕಳುಹಿಸಬಹುದು. ಆಮೇಲೂ ಉಳಿದ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ, ಅಥವಾ ಅದಕ್ಕೆ ಮುಂಚೆ ಹಣ ಕಟ್ಟುವವರೆಗೆ, ಸೆರೆವಾಸ ವಿಧಿಸಬಹುದು. 1999ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಒಂದು ಬಾರಿಗೆ ಒಂದು ತಿಂಗಳ ಮಿತಿಯನ್ನು ಒತ್ತಿ ಹೇಳಿ, ಆಮೇಲೂ ಕೊಡದಿದ್ದರೆ ಹೆಂಡತಿ ಮತ್ತೆ ಅರ್ಜಿ ಹಾಕಿಕೊಳ್ಳಬಹುದು ಎಂದಿತು.

ಇಲ್ಲಿ ನಮ್ಮೂರುಗಳಲ್ಲಿ ಬೇರೂರಿರುವ ಒಂದು ತಪ್ಪು ನಂಬಿಕೆಯನ್ನು ಕಿತ್ತುಹಾಕಬೇಕು. “ಒಂದು ತಿಂಗಳು ಒಳಗಿದ್ದು ಬಂದರೆ ಬಾಕಿ ತೀರಿತು” ಎಂದು ಹಲವರು ತಿಳಿದಿದ್ದಾರೆ. ತೀರುವುದಿಲ್ಲ. ಸೆರೆವಾಸ ಹಣ ಕೊಡಿಸುವ ಸಾಧನವೇ ಹೊರತು ಹಣಕ್ಕೆ ಬದಲಿಯಲ್ಲ, ಹಣ ಸಂದಾಗ ಮಾತ್ರ ಹೊಣೆ ಮುಗಿಯುತ್ತದೆ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ತೀರ್ಮಾನಿಸಿದೆ.

ಈ ದಾರಿಯಲ್ಲಿ ಒಂದು ಹಳ್ಳವಿದೆ: ಒಂದು ವರ್ಷದ ಅವಧಿ. ಕೊಣನೂರು ಹೋಬಳಿಯ ಒಬ್ಬ ತಾಯಿಗೆ ತಿಂಗಳಿಗೆ 6,000 ರೂಪಾಯಿಯ ಆದೇಶವಾಗಿದೆ ಎಂದು ಇಟ್ಟುಕೊಳ್ಳಿ. ಇಂದು ಕೊಟ್ಟಾನು ನಾಳೆ ಕೊಟ್ಟಾನು ಎಂದು 14 ತಿಂಗಳು ಕಾದು ಅರ್ಜಿ ಹಾಕಿದಳು. ಬಾಕಿ 84,000 ರೂಪಾಯಿ. ವಾರಂಟ್ ಹೊರಡುವುದು ಹಿಂದಿನ 12 ತಿಂಗಳ 72,000ಕ್ಕೆ ಮಾತ್ರ. ಉಳಿದ 12,000ಕ್ಕೆ ಈ ದಾರಿ ಮುಚ್ಚಿತು. ಅವಳ ತಾಳ್ಮೆಗೆ ತೆತ್ತ ಬೆಲೆ ಅದು. ಅವಧಿಯೊಳಗೆ ಒಮ್ಮೆ ಅರ್ಜಿ ಹಾಕಿದ್ದರೆ, ಅದು ಬಾಕಿ ಇರುವಾಗ ಬೆಳೆಯುತ್ತ ಹೋದ ತಿಂಗಳುಗಳನ್ನು ಅದಕ್ಕೇ ಸೇರಿಸಿಕೊಳ್ಳಬಹುದು. ಜೀವನಾಂಶ ನಿರಂತರ ಹೊಣೆ ಎಂದು 2005ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದ್ದರಿಂದ ಮೊದಲ ಅರ್ಜಿಯನ್ನು ತಡಮಾಡದೆ ಹಾಕಿಸುವುದು ವಕೀಲರ ಮೊದಲ ಕರ್ತವ್ಯ. ಹಿಂದೂ ವಿವಾಹ ಕಾಯ್ದೆಯ ಆದೇಶಗಳು 28ಎ ಕಲಮಿನಡಿ ಸಿವಿಲ್ ಡಿಕ್ರಿಯಂತೆ ಅಮಲಾಗುತ್ತವೆ. ಡಿಕ್ರಿಯ ಅಮಲ್ಜಾರಿಗೆ ಸಾಮಾನ್ಯ ಕಾಲಮಿತಿ 12 ವರ್ಷ. ಯಾವ ಕಾಯ್ದೆಯಡಿ ಆದೇಶ ಪಡೆದಿದ್ದೇವೆ ಎಂಬುದರ ಮೇಲೆ ಎಷ್ಟು ಸಮಯ ಉಂಟು ಎಂಬುದು ನಿಂತಿದೆ.

ಇನ್ನೊಂದು ಹಳ್ಳ ವಾರಂಟಿನ ಹಿಂಬದಿಯಲ್ಲಿ ಬರೆಯುವ ಷರಾ. “ಸದರಿ ಆಸಾಮಿಯು ಗ್ರಾಮದಲ್ಲಿ ಇರುವುದಿಲ್ಲ, ಬೆಂಗಳೂರಿಗೆ ಹೋಗಿರುವುದಾಗಿ ತಿಳಿದುಬಂದಿರುತ್ತದೆ” ಎಂಬ ಸಾಲಿನೊಂದಿಗೆ ಕಾಗದ ವಾಪಸಾದರೆ ವ್ಯಾಜ್ಯ ಮುಂದಿನ ವಾಯಿದೆಗೆ ಹೋಗುತ್ತದೆ. ನಾಲ್ಕು ವಾಯಿದೆಗೆ ನಾಲ್ಕು ಷರಾ. ಕಾನೂನು ಇದನ್ನು ಮೊದಲೇ ಊಹಿಸಿದೆ. ಜೀವನಾಂಶದ ಆದೇಶದ ಪ್ರತಿಯನ್ನು ಶುಲ್ಕವಿಲ್ಲದೆ ಕೊಡಬೇಕು, ಹೊಣೆಗಾರ ಎಲ್ಲಿದ್ದಾನೋ ಅಲ್ಲಿನ ಮ್ಯಾಜಿಸ್ಟ್ರೇಟರೂ ಅದನ್ನು ಜಾರಿಗೊಳಿಸಬಹುದು ಎಂದು ಸುರಕ್ಷಾ ಸಂಹಿತೆಯ 147ನೇ ಕಲಮು ಹೇಳುತ್ತದೆ. ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುವವನ ವಾರಂಟನ್ನು ಹೊಳೆನರಸೀಪುರದ ಹಳ್ಳಿಗೇ ಮತ್ತೆ ಮತ್ತೆ ಕಳುಹಿಸುವ ಅಗತ್ಯವಿಲ್ಲ.

5. ಆದೇಶ ನಮ್ಮ ನೆಲದ ಆದಾಯವನ್ನು ಅರಿತಿರಲಿ

ಪ್ರತಿವಾದಿಯ ಪಾಟೀಸವಾಲಿನಲ್ಲಿ ನಾವು ಸದಾ ಕೇಳುವ ಉತ್ತರ “ನನಗೆ ಆದಾಯವಿಲ್ಲ, ಜಮೀನು ತಂದೆಯ ಹೆಸರಿನಲ್ಲಿದೆ” ಎಂಬುದು. ಸಂಬಳದವನಾದರೆ ದಾರಿ ಸುಲಭ. ಬಟವಾಡೆ ಅಧಿಕಾರಿಗೆ ಆದೇಶ ಹೋದರೆ ಸಂಬಳದಿಂದಲೇ ಕಡಿತವಾಗುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಜೀವನಾಂಶದ ಡಿಕ್ರಿಯಲ್ಲಿ ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ವಿನಾಯಿತಿ ಕೊಡುತ್ತದೆ. ಸಾಲ ಕೊಟ್ಟ ಬ್ಯಾಂಕಿಗಿಂತ ಹೆಂಡತಿ ಮಕ್ಕಳ ಹಕ್ಕು ದೊಡ್ಡದು ಎಂದು ಸಂಹಿತೆ ಹೀಗೆ ಒಪ್ಪಿಕೊಂಡಿದೆ.

ಆದರೆ ನಮ್ಮ ನಾಲ್ಕು ತಾಲ್ಲೂಕುಗಳ ಹೆಚ್ಚಿನ ಕುಟುಂಬಗಳು ತಿಂಗಳ ಸಂಬಳದ ಕುಟುಂಬಗಳಲ್ಲ. ಅರಕಲಗೂಡಿನಲ್ಲಿ ಹೊಗೆಸೊಪ್ಪಿನ ಹಣ ಬರುವುದು ರಾಮನಾಥಪುರದ ಹರಾಜಿನ ದಿನಗಳಲ್ಲಿ. ಚನ್ನರಾಯಪಟ್ಟಣದಲ್ಲಿ ತೆಂಗು ಮತ್ತು ಕೊಬ್ಬರಿ. ಹಾಸನದ ಸುತ್ತ ಆಲೂಗಡ್ಡೆ. ಹೊಳೆನರಸೀಪುರದಲ್ಲಿ ಹೇಮಾವತಿಯ ನಾಲೆ ಕೆಳಗಿನ ಭತ್ತ. ಎಲ್ಲ ಕಡೆಯೂ ಡೇರಿಗೆ ಹಾಕುವ ಹಾಲು. ಇವು ಯಾವುವೂ ಕಾಣದ ಆದಾಯವಲ್ಲ. ಹರಾಜಿನ ಹಣಕ್ಕೆ ಲೆಕ್ಕವಿದೆ, ಹಾಲಿನ ಬಟವಾಡೆಗೆ ಪುಸ್ತಕವಿದೆ, ಹಣ ಬೀಳುವ ಬ್ಯಾಂಕ್ ಖಾತೆಯಿದೆ.

ಇದನ್ನು ಬಳಸಿಕೊಳ್ಳುವ ಸಲಕರಣೆ ಕಾನೂನಿನಲ್ಲಿದೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆಯ 20(6) ಉಪಕಲಮು ಪ್ರತಿವಾದಿಯ ಉದ್ಯೋಗದಾತನಿಗಷ್ಟೇ ಅಲ್ಲ, ಪ್ರತಿವಾದಿಗೆ ಹಣ ಕೊಡಬೇಕಾದ ಬೇರೆಯವರಿಗೂ ಅನ್ವಯಿಸುತ್ತದೆ. ಆ ಹಣದಲ್ಲಿ ಒಂದು ಭಾಗವನ್ನು ನೇರವಾಗಿ ಹೆಣ್ಣುಮಗಳಿಗೆ ಕೊಡಿ ಅಥವಾ ನ್ಯಾಯಾಲಯಕ್ಕೆ ಕಟ್ಟಿ ಎಂದು ಮ್ಯಾಜಿಸ್ಟ್ರೇಟರು ನಿರ್ದೇಶಿಸಬಹುದು. ಹಾಲು ಉತ್ಪಾದಕರ ಸಹಕಾರ ಸಂಘ ಸದಸ್ಯನಿಗೆ ಕೊಡಬೇಕಾದ ಬಟವಾಡೆಯೂ ಇಂಥ ಹಣವೇ ಎಂಬುದು ನನ್ನ ನಿಲುವು. ಸಿವಿಲ್ ಅಮಲ್ಜಾರಿಯಲ್ಲಿ ಇದೇ ಕೆಲಸವನ್ನು 21ನೇ ಆದೇಶದ 46ಎ ನಿಯಮ ಮಾಡುತ್ತದೆ. ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡುವಂತೆ 41ನೇ ನಿಯಮದಡಿ ಒತ್ತಾಯಿಸಬಹುದು, ಕೊಡದಿದ್ದರೆ 3 ತಿಂಗಳವರೆಗೆ ಸಿವಿಲ್ ಬಂಧನವುಂಟು.

ಜಮೀನಿನ ಮಾತಿಗೆ ಬರುತ್ತೇನೆ. ನೋಟಿಸ್ ಬಂದ ಕೂಡಲೇ ತಮ್ಮನ ಹೆಸರಿಗೆ ದಾನಪತ್ರ, ತಾಯಿಯ ಹೆಸರಿಗೆ ಬಿಡುಗಡೆ ಪತ್ರ ಆಗುವುದನ್ನು ಇಲ್ಲಿರುವ ವಕೀಲರೆಲ್ಲ ಬಲ್ಲರು. ಶಾಶ್ವತ ಜೀವನಾಂಶಕ್ಕೆ ಸ್ಥಿರಾಸ್ತಿಯ ಮೇಲೆ ಭಾರ ಹೊರಿಸುವ ಅಧಿಕಾರವನ್ನು ಹಿಂದೂ ವಿವಾಹ ಕಾಯ್ದೆಯ 25ನೇ ಕಲಮೇ ಕೊಟ್ಟಿದೆ. ಆಸ್ತಿ ವರ್ಗಾವಣೆ ಕಾಯ್ದೆಯ 39ನೇ ಕಲಮಿನ ಪ್ರಕಾರ ಆಸ್ತಿಯ ಆದಾಯದಿಂದ ಜೀವನಾಂಶ ಪಡೆಯುವ ಹಕ್ಕನ್ನು, ಅದು ಗೊತ್ತಿದ್ದೂ ಕೊಂಡವನ ಮೇಲೆ, ಅಥವಾ ಬಿಟ್ಟಿಯಾಗಿ ಪಡೆದವನ ಮೇಲೆ ಚಲಾಯಿಸಬಹುದು. ದಾನಪತ್ರ ಬಿಟ್ಟಿ ವರ್ಗಾವಣೆಯೇ. ಆದ್ದರಿಂದ ಆದೇಶದಲ್ಲೇ ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಬರೆಸಿ, ಭಾರದ ನಮೂದು ಪಹಣಿಯ ಹಕ್ಕು ಮತ್ತು ಋಣಗಳ ಕಾಲಂನಲ್ಲಿ ಬರುವಂತೆ ತಹಶೀಲ್ದಾರರಿಗೂ, ಉಪನೋಂದಣಾಧಿಕಾರಿಗೂ ಪ್ರತಿ ಕಳುಹಿಸುವಂತೆ ಕೋರಬೇಕು. ಆ ಒಂದು ನಮೂದು ಹತ್ತು ವಾರಂಟಿನ ಕೆಲಸ ಮಾಡುತ್ತದೆ.

ಆದೇಶ ಬರೆಯುವವರಲ್ಲೂ ನನ್ನದೊಂದು ವಿನಂತಿ. ಹಣ ಯಾವ ತಾರೀಖಿನೊಳಗೆ, ಯಾವ ಖಾತೆಗೆ, ತಪ್ಪಿದರೆ ಯಾರ ಮೂಲಕ ಕಡಿತ ಎಂಬುದು ಆದೇಶದಲ್ಲೇ ಇರಲಿ. ಬೆಳೆಯ ಆದಾಯದವನಿಗೆ ತಿಂಗಳ ಸಣ್ಣ ಮೊತ್ತದ ಜೊತೆಗೆ ಹಂಗಾಮಿನಲ್ಲಿ ಒಂದು ದೊಡ್ಡ ಕಂತನ್ನು ನಿಗದಿ ಮಾಡಿದರೆ ಅವನಿಗೂ ನೆಪ ಉಳಿಯುವುದಿಲ್ಲ.

6. ಮಗುವಿನ ಭೇಟಿ

ಮಗುವಿನ ಸುಪರ್ದಿ ಮತ್ತು ಭೇಟಿಯ ಆದೇಶಗಳಲ್ಲಿ ಅಮಲ್ಜಾರಿ ತೀರಾ ನಾಜೂಕು. ಹಣವನ್ನು ಜಪ್ತಿ ಮಾಡಬಹುದು, ಮಗುವನ್ನು ಜಪ್ತಿ ಮಾಡಲಾಗದು. 1890ರ ಪಾಲಕ ಮತ್ತು ಪಾಲ್ಯ ಕಾಯ್ದೆಯ 25ನೇ ಕಲಮು ಮಗುವನ್ನು ಪಾಲಕರಿಗೆ ಮರಳಿಸುವ ಅಧಿಕಾರ ಕೊಡುತ್ತದೆ. 45ನೇ ಕಲಮು ಮಗುವನ್ನು ಹಾಜರುಪಡಿಸದವನಿಗೆ 100 ರೂಪಾಯಿ ದಂಡ, ಆಮೇಲಿನ ಪ್ರತಿ ದಿನಕ್ಕೆ 10 ರೂಪಾಯಿ, ಒಟ್ಟು 500 ಮೀರದಂತೆ, ಜೊತೆಗೆ ಹಾಜರುಪಡಿಸಲು ಒಪ್ಪುವವರೆಗೆ ಸಿವಿಲ್ ಬಂಧನ ಎಂದು ಹೇಳುತ್ತದೆ. ಆ ರೂಪಾಯಿಗಳ ಲೆಕ್ಕ ಇಂದು ಯಾರನ್ನೂ ಹೆದರಿಸುವುದಿಲ್ಲ. ಬಂಧನದ ಮಾತು ಮಾತ್ರ ಇಂದಿಗೂ ಹರಿತವಾಗಿದೆ.

ಭೇಟಿ ತಾಯಿ ತಂದೆಗೆ ಮಾಡುವ ಉಪಕಾರವಲ್ಲ, ಇಬ್ಬರ ಪ್ರೀತಿಯೂ ಮಗುವಿನ ಹಕ್ಕು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2020ರ ಜನವರಿಯ ತೀರ್ಪಿನಲ್ಲಿ ವಿಸ್ತಾರವಾಗಿ ಹೇಳಿ, ದೂರವಿರುವವರಿಗೆ ವಿಡಿಯೊ ಕರೆಯ ಸಂಪರ್ಕವನ್ನೂ ಸೂಚಿಸಿತು. ಹಣ ಕೊಡಲಿಲ್ಲ ಅಂತ ಮಗುವನ್ನು ತೋರಿಸದಿರುವುದು, ಮಗುವನ್ನು ತೋರಿಸಲಿಲ್ಲ ಅಂತ ಹಣ ನಿಲ್ಲಿಸುವುದು, ಎರಡೂ ತಪ್ಪು. ಈ ಎರಡು ಆದೇಶಗಳು ಒಂದರ ಮೇಲೊಂದು ನಿಂತಿಲ್ಲ. ಎರಡರ ಫಲಾನುಭವಿಯೂ ಮಗುವೇ.

ಇಲ್ಲಿಯೂ ಆದೇಶದ ಬರವಣಿಗೆಯೇ ಮುಖ್ಯ. “ತಂದೆಗೆ ಭೇಟಿಗೆ ಅವಕಾಶ ಕೊಡತಕ್ಕದ್ದು” ಎಂಬ ಒಂದು ಸಾಲು ಜಗಳಕ್ಕೆ ಆಹ್ವಾನ. ಯಾವ ಭಾನುವಾರ, ಎಷ್ಟು ಗಂಟೆಗೆ, ಯಾವ ಸ್ಥಳದಲ್ಲಿ, ಯಾರು ಕರೆತರಬೇಕು, ಮಗುವಿಗೆ ಜ್ವರವಿದ್ದರೆ ಬದಲಿ ದಿನ ಯಾವುದು, ಪರೀಕ್ಷೆಯ ತಿಂಗಳಲ್ಲಿ ಹೇಗೆ, ಯುಗಾದಿ ಯಾರ ಮನೆಯಲ್ಲಿ, ಬೇಸಿಗೆ ರಜೆಯಲ್ಲಿ ಎಷ್ಟು ದಿನ ಎಂದು ಬರೆದ ಆದೇಶವನ್ನು ಮೀರಿದರೆ, ಮೀರಿದ್ದು ಬೇಕೆಂದೇ ಎಂದು ತೋರಿಸುವುದು ಸುಲಭ. ಅಸ್ಪಷ್ಟ ಆದೇಶಕ್ಕೆ ನಿಂದನೆಯ ಬಲ ಒದಗುವುದಿಲ್ಲ.

7. ನಿಂದನೆಗೆ ಸರಿಯಾದ ಜಾಗ

ಹಾಗಾದರೆ ನಿಂದನೆಯ ಅಧಿಕಾರ ಎಲ್ಲಿ ಬೇಕು? ಮೊದಲನೆಯದಾಗಿ, ಅಮಲ್ಜಾರಿಯಿಂದ ಸರಿಪಡಿಸಲಾಗದ ಉಲ್ಲಂಘನೆಯಲ್ಲಿ. ಹೈಕೋರ್ಟಿನ ಆದೇಶವಿದ್ದೂ ಮಗುವನ್ನು ಬಚ್ಚಿಟ್ಟರೆ ಅದು ಆ ಬಗೆಯದು. ಎರಡನೆಯದಾಗಿ, ನ್ಯಾಯಾಲಯಕ್ಕೆ ಮುಚ್ಚಳಿಕೆ ಬರೆದುಕೊಟ್ಟು ಅದರ ಲಾಭ ಪಡೆದು ಆಮೇಲೆ ತಿರುಗಿಬಿದ್ದಾಗ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಹೀಗಾಗುವುದುಂಟು. ಒಪ್ಪಿಗೆ ಹಿಂತೆಗೆದವರನ್ನು ವಿಚ್ಛೇದನಕ್ಕೆ ಒತ್ತಾಯಿಸಲಾಗದು, ಆದರೆ ಮುಚ್ಚಳಿಕೆ ಮುರಿದದ್ದು ನಿಂದನೆಯಾಗಬಹುದು ಎಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿತು. ಮೂರನೆಯದಾಗಿ, ಶಕ್ತಿಯಿದ್ದೂ ಅಮಲ್ಜಾರಿಯ ಎಲ್ಲ ದಾರಿಗಳನ್ನೂ ಹಟದಿಂದ ಹಾಳುಮಾಡಿದವನ ಮೇಲೆ.

2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಕೊಟ್ಟ, ವಕೀಲರೆಲ್ಲರಿಗೂ ‘ರಜನೇಶ್–ನೇಹಾ’ ಎಂದೇ ಪರಿಚಿತವಾದ ತೀರ್ಪು ಈ ಕ್ರಮವನ್ನೇ ಸೂಚಿಸುತ್ತದೆ. ಎರಡೂ ಕಡೆಯವರು ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಜೀವನಾಂಶ ಅರ್ಜಿ ಸಲ್ಲಿಸಿದ ದಿನದಿಂದ ಸಲ್ಲಬೇಕು. ಸಿವಿಲ್ ಬಂಧನ, ಜಪ್ತಿ ಮುಂತಾದ ದಾರಿಗಳಿಂದ ಹಣದ ಡಿಕ್ರಿಯಂತೆ ಅದನ್ನು ಜಾರಿಗೊಳಿಸಬಹುದು. ಪ್ರತಿವಾದವನ್ನೇ ತಳ್ಳಿಹಾಕುವುದು ಕಡೆಯ ಉಪಾಯ. ಬೇಕೆಂದೇ ಮೀರಿದವರ ಮೇಲೆ ನಿಂದನೆಯ ಕ್ರಮವೂ ಸಾಧ್ಯ.

ಕೌಟುಂಬಿಕ ಹಿಂಸೆ ಕಾಯ್ದೆಯ ರಕ್ಷಣಾ ಆದೇಶಕ್ಕೆ ಬೇರೆಯದೇ ಬಲವಿದೆ. 31ನೇ ಕಲಮಿನಡಿ ಅದರ ಉಲ್ಲಂಘನೆಯೇ ಅಪರಾಧ: ಒಂದು ವರ್ಷದವರೆಗೆ ಸಜೆ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದು, ಜಾಮೀನು ಹಕ್ಕಲ್ಲ. ಆದೇಶದ ಪಾಲನೆಗೆ ನೆರವಾಗುವಂತೆ ಠಾಣಾಧಿಕಾರಿಗೆ ಮ್ಯಾಜಿಸ್ಟ್ರೇಟರೇ ನಿರ್ದೇಶನ ಕೊಡಬಹುದು. ಇದಕ್ಕೆ ಹೈಕೋರ್ಟಿಗೆ ಹೋಗಬೇಕಿಲ್ಲ. ಹೊಡೆತ, ಬೆದರಿಕೆಯ ಪ್ರಕರಣದಲ್ಲಿ ಹಣದ ಪರಿಹಾರವನ್ನಷ್ಟೇ ಕೇಳಿ ರಕ್ಷಣಾ ಆದೇಶವನ್ನು ಕೇಳದೆ ಬಿಟ್ಟರೆ ಈ ಬಲವನ್ನು ನಾವೇ ಕೈಬಿಟ್ಟಂತೆ.

8. ಕೈಲಾಗದವನು ಮತ್ತು ಒಲ್ಲದವನು

ನ್ಯಾಯ ಎರಡೂ ಕಡೆ ನೋಡಬೇಕು. ಮಳೆ ಕೈಕೊಟ್ಟು ಬೆಳೆ ಹೋದ ವರ್ಷ, ಕಾಯಿಲೆಯಿಂದ ಕೆಲಸ ಬಿಟ್ಟ ವರ್ಷ ಆದೇಶದ ಮೊತ್ತ ನಿಜವಾಗಿಯೂ ಭಾರವಾಗಬಹುದು. ಸಾಲ ತೀರಿಸಲಾಗದ ಬಡತನಕ್ಕೆ ಸೆರೆವಾಸ ವಿಧಿಸಲಾಗದು, ಶಕ್ತಿಯಿದ್ದೂ ದುರುದ್ದೇಶದಿಂದ ನಿರಾಕರಿಸಿದ್ದು ರುಜುವಾತಾಗಬೇಕು ಎಂದು ಸುಪ್ರೀಂ ಕೋರ್ಟ್ 1980ರಲ್ಲಿ ಸಿವಿಲ್ ಸಾಲದ ಪ್ರಕರಣವೊಂದರಲ್ಲಿ ಹೇಳಿತು. ರೈತನ ಬೇಸಾಯದ ಸಾಮಾನು, ಉಳುಮೆಗೆ ಬೇಕಾದ ದನ, ಬಿತ್ತನೆ ಬೀಜಗಳಿಗೆ ಸಿವಿಲ್ ಜಪ್ತಿಯಿಂದ ರಕ್ಷಣೆಯಿದೆ. ಅದು ಇರಲೇಬೇಕು, ದುಡಿಯುವ ಸಾಧನವನ್ನೇ ಕಿತ್ತುಕೊಂಡರೆ ಮುಂದಿನ ತಿಂಗಳ ಹಣ ಎಲ್ಲಿಂದ ಬಂದೀತು?

ಆದರೆ ಕೈಲಾಗದವನಿಗೆ ಕಾನೂನು ತೋರಿಸಿರುವ ಬಾಗಿಲು ಸುರಕ್ಷಾ ಸಂಹಿತೆಯ 146ನೇ ಕಲಮು. ಪರಿಸ್ಥಿತಿ ಬದಲಾಗಿದೆ, ಮೊತ್ತ ಕಡಿಮೆ ಮಾಡಿ ಎಂದು ಅರ್ಜಿ ಹಾಕಿಕೊಳ್ಳಬೇಕು. ಅರ್ಜಿ ಹಾಕದೆ, ನ್ಯಾಯಾಲಯಕ್ಕೂ ಬಾರದೆ, ಫೋನು ಬದಲಿಸಿ ಊರು ಬಿಟ್ಟವನು ಕೈಲಾಗದವನಲ್ಲ, ಒಲ್ಲದವನು. ಇವರಿಬ್ಬರನ್ನು ಬೇರ್ಪಡಿಸುವುದು ಆಸ್ತಿ ಪ್ರಮಾಣಪತ್ರದ ಕೆಲಸ. ಅದನ್ನು ಖಾಲಿ ನಮೂನೆಯಂತೆ ತುಂಬಿಸಿ ಕೊಡುವ ವಕೀಲರು ತಮ್ಮ ಕಕ್ಷಿದಾರನಿಗೂ ಉಪಕಾರ ಮಾಡಿದಂತಲ್ಲ. ಸುಳ್ಳು ಪ್ರಮಾಣಕ್ಕೆ ಸುರಕ್ಷಾ ಸಂಹಿತೆಯ 379ನೇ ಕಲಮಿನಡಿ ಕ್ರಮ ಕಾದಿರುತ್ತದೆ.

9. ನಮ್ಮ ಹೊಣೆ

ಸಭಿಕರೇ, ಅಮಲ್ಜಾರಿ ಒಬ್ಬ ನ್ಯಾಯಾಧೀಶರಿಂದ ಆಗುವ ಕೆಲಸವಲ್ಲ. ಅದಕ್ಕೆ ಅಮೀನ, ಪೊಲೀಸ್ ಪೇದೆ, ಗ್ರಾಮ ಆಡಳಿತ ಅಧಿಕಾರಿ, ಬ್ಯಾಂಕ್ ವ್ಯವಸ್ಥಾಪಕ, ಡೇರಿಯ ಕಾರ್ಯದರ್ಶಿ ಎಲ್ಲರ ಕೈ ಬೇಕು. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ತಾಲ್ಲೂಕಿನ ಸಂರಕ್ಷಣಾಧಿಕಾರಿಗಳು. ಆದೇಶವಾದ ಮೇಲೂ ಅವರ ಕೆಲಸ ಮುಗಿದಿರುವುದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗಬೇಕು. ಆ ನೆರವು ಮೂಲ ಅರ್ಜಿಗೆ ಎಷ್ಟು ಮುಖ್ಯವೋ ಅಮಲ್ಜಾರಿ ಅರ್ಜಿಗೂ ಅಷ್ಟೇ ಮುಖ್ಯ. ಆದೇಶದ ನಕಲು ಕೈಗೆ ಬಂದ ದಿನವೇ ವ್ಯಾಜ್ಯ ಮುಗಿಯಿತೆಂದು ಫೈಲು ಕಟ್ಟಿಡುವ ಅಭ್ಯಾಸವನ್ನು ನಾವು ಬಿಡಬೇಕು.

ನಾಲ್ಕೂ ತಾಲ್ಲೂಕುಗಳ ವಕೀಲರ ಸಂಘಗಳಿಗೆ ನನ್ನ ಕೋರಿಕೆ ಇಷ್ಟೇ. ತಾಲ್ಲೂಕು ಕಾನೂನು ಸೇವಾ ಸಮಿತಿಯೊಡನೆ ಕೂಡಿ ತಿಂಗಳಿಗೊಂದು ದಿನವನ್ನು ಜೀವನಾಂಶದ ಬಾಕಿಗೆಂದೇ ಮೀಸಲಿಡಿ. ಯಾರ ಆದೇಶಕ್ಕೆ ಹತ್ತನೇ ತಿಂಗಳು ನಡೆಯುತ್ತಿದೆಯೋ ಅವರನ್ನು ಕರೆದು, ಒಂದು ವರ್ಷದ ಅವಧಿ ಮುಗಿಯುವ ಮುನ್ನ ಅರ್ಜಿ ಹಾಕಿಸಿ. ಪ್ರತಿ ಅರ್ಜಿಯೊಂದಿಗೆ ಪ್ರತಿವಾದಿಯ ಪಹಣಿ, ಬ್ಯಾಂಕ್ ಖಾತೆ, ಬಟವಾಡೆಯ ಮೂಲ, ಈಗಿರುವ ವಿಳಾಸಗಳನ್ನು ಲಗತ್ತಿಸಿ. ಪ್ರತಿವಾದಿಯ ಪರ ನಿಂತವರು ಕಕ್ಷಿದಾರನಿಗೆ ಮೊದಲ ದಿನವೇ ಹೇಳಿ: ಕೊಡಲಾಗದಿದ್ದರೆ ಅರ್ಜಿ ಹಾಕು, ಓಡಿಹೋಗಬೇಡ. ನ್ಯಾಯಾಲಯದ ಮಾತಿಗೆ ಬೆಲೆಯಿದೆ ಎಂದು ಜನ ನಂಬುವುದು ಬೆಂಗಳೂರಿನಲ್ಲಿ ಯಾರಿಗೋ ಶಿಕ್ಷೆಯಾದ ಸುದ್ದಿ ಓದಿ ಅಲ್ಲ. ಪಕ್ಕದ ಮನೆಯ ಹೆಣ್ಣುಮಗಳ ಖಾತೆಗೆ ಪ್ರತಿ ತಿಂಗಳ ಐದನೇ ತಾರೀಖಿನೊಳಗೆ ಹಣ ಬೀಳುವುದನ್ನು ಕಂಡಾಗ ಅವರು ನಂಬುತ್ತಾರೆ. ಆ ನಂಬಿಕೆಯನ್ನು ಗಳಿಸಿಕೊಡುವ ಕೆಲಸ ನಮ್ಮದು. ದಯವಿಟ್ಟು ಅದನ್ನು ಈ ತಿಂಗಳಿಂದಲೇ ಆರಂಭಿಸೋಣ.